ಮೂರು ಬುರುಜಿನ ಕಿಲ್ಲೆ

"ಇದು ನಮ್ಮ ಸೆಬು ಕೋಟೆಯಲ್ಲವೇ?" ಮರಿಟೆಸ್ ಹಿತ್ತಲಲ್ಲಿ ಕುಕ್ಕರುಗಾಲಲ್ಲಿ ಕೂತು ಕೇಳಿದಳು. ಅವಳು ಫಿಲಿಪೀನ್ಸಿನ ಸೆಬು ಊರಿನವಳು, ಸೌಜನ್ಯಾಳ ಜೊತೆ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡುವವಳು. ದೀಪಾವಳಿ ಊಟಕ್ಕೆಂದು ಲಂಡನ್ನಿನ ಫೆಲ್ಥಮ್‌ನ ಸೌಜನ್ಯಾಳ ಮನೆಗೆ ಮೊದಲ ಸಲ ಬಂದಿದ್ದಳು.

ಬೆಳಗಾವಿಯವರಿಗೆ ದೀಪಾವಳಿ ಎಂದರೆ ಅಂಗಳದಲ್ಲಿ ಮಣ್ಣಿನ ಕಿಲ್ಲೆ ಏಳಬೇಕು. ಅದು ಮಕ್ಕಳ ಆಟ. ಆದರೆ ಈ ಮನೆಯಲ್ಲಿ ಮಗಳು ಸೃಷ್ಟಿ ಬರೀ ನೆಪ, ಮಣ್ಣು ಕಲಸುವವನು ಸೌಜನ್ಯಾಳ ಗಂಡ ರುದ್ರೇಶ. ಪ್ರತಿ ವರ್ಷ ಅದೇ ನಾಲ್ಕು ಮೂಲೆ, ನಾಲ್ಕು ಬುರುಜು, ಮೇಲೆ ಗೊಂಬೆ ಸಿಪಾಯಿಗಳು. ಈ ವರ್ಷ ಮೂರೇ ಬುರುಜು, ಎರಡು ಬದಿಗೆ ಸಮುದ್ರವೆಂದು ನೀಲಿ ಪ್ಲಾಸ್ಟಿಕ್ ಹಾಳೆ. ಬೆಳಿಗ್ಗೆ ಸೌಜನ್ಯಾ ಕೇಳಿದಾಗ ಜಾಗ ಸಾಲಲಿಲ್ಲ ಎಂದಿದ್ದ. ಹಿತ್ತಲೇನೋ ಹೋದ ವರ್ಷದಷ್ಟೇ ಇತ್ತು.

ಮರಿಟೆಸ್ ಹಿಗ್ಗಿನಿಂದ ಹೇಳುತ್ತಾ ಹೋದಳು. ಸ್ಪೇನಿನವರು ಬಂದರಿನ ಪಕ್ಕದಲ್ಲೇ ಕಟ್ಟಿದ ಕೋಟೆಯಂತೆ. ಎರಡು ಗೋಡೆ ಸಮುದ್ರದ ಕಡೆಗೆ, ಒಂದು ಊರಿನ ಕಡೆಗೆ. ಹಡಗಿನಲ್ಲಿ ಬರುವವರ ಮೇಲೂ ಗುಮಾನಿ, ಊರವರ ಮೇಲೂ ಗುಮಾನಿ. ಆಮೇಲೆ ಅಮೆರಿಕದವರು ಬಂದು ಕೂತರು, ಜಪಾನಿನವರೂ ಬಂದರು. ಯುದ್ಧ ಮುಗಿದ ಮೇಲೆ ಕೆಲಕಾಲ ಅದು ಮೃಗಾಲಯವೂ ಆಗಿತ್ತು, ಅವಳ ಅಪ್ಪ ಮಂಗ ನೋಡಿದ್ದು ಅಲ್ಲಿಯೇ.

"ಬಾಗಿಲನ್ನೂ ಸರಿಯಾಗಿ ಊರ ಕಡೆಗೇ ಇಟ್ಟಿದ್ದೀರಿ. ಸೆಬುಗೆ ಯಾವಾಗ ಹೋಗಿದ್ದಿರಿ?" ಎಂದು ಅವಳು ರುದ್ರೇಶನನ್ನು ಕೇಳಿದಳು.

ರುದ್ರೇಶ ನಕ್ಕ. ಲೈಬ್ರರಿಯ ಪುಸ್ತಕವೊಂದರಲ್ಲಿ ಚಿತ್ರ ನೋಡಿದ್ದೆ ಎಂದ. ಅವನು ಕ್ರಿಕೆಟ್ ಸ್ಕೋರು ಬಿಟ್ಟು ಬೇರೇನನ್ನಾದರೂ ಓದಿದ್ದನ್ನು ಸೌಜನ್ಯಾ ಈವರೆಗೆ ಕಂಡಿರಲಿಲ್ಲ. ಬೇಸಿಗೆಯಲ್ಲಿ ಅವನು ಕಂಪನಿ ಕೆಲಸಕ್ಕೆಂದು ಹೋಗಿದ್ದು ಸಿಂಗಾಪುರಕ್ಕೆ. ಹೋಟೆಲು, ಆಫೀಸು ಬಿಟ್ಟು ಏನೂ ನೋಡಲಾಗಲಿಲ್ಲ ಎಂದು ಬಂದವನೇ ಗೊಣಗಿದ್ದ. ಫೋಟೊ ಕೇಳಿದರೆ ಕ್ಯಾಮೆರಾದ ರೋಲು ಹಾಳಾಯಿತು ಎಂದಿದ್ದ. ಆಗ ಅವಳಿಗೆ ಪಾಪ ಎನಿಸಿತ್ತು. ಸಿಂಗಾಪುರದಿಂದ ಸೆಬುಗೆ ವಿಮಾನದಲ್ಲಿ ನಾಲ್ಕೇ ತಾಸು ಎಂಬುದು ಈಗ ಹೊಳೆಯಿತು. ಒಬ್ಬನೇ ಹೋಗಿದ್ದರೆ ಮುಚ್ಚಿಡುವುದು ಏಕೆ? ಪುಸ್ತಕದ ಮಾತೇ ನಿಜವಾಗಿರಲಿ ದೇವರೇ ಎಂದುಕೊಂಡಳು. ಇಷ್ಟು ವರ್ಷದ ಸಂಸಾರ ಒಂದು ಲೈಬ್ರರಿ ಪುಸ್ತಕದ ಮೇಲೆ ನಿಂತಿತ್ತು.

ಬಂದವರ ಮುಂದೆ ಮುಖ ಸಪ್ಪಗೆ ಮಾಡಬಾರದೆಂದು ಎಲ್ಲರನ್ನೂ ಊಟಕ್ಕೆ ಕೂರಿಸಿದಳು. ಮರಿಟೆಸ್‌ಗೆ ಶೇಂಗಾ ಹೋಳಿಗೆ ಬಹಳ ಹಿಡಿಸಿತು. ಊಟವಾದ ಮೇಲೆ ಆ ಕೋಟೆಯ ಫೋಟೊ ತೆಗೆದು ಅಪ್ಪನಿಗೆ ಕಳಿಸಬೇಕು ಎಂದಳು. ರುದ್ರೇಶ ಎಲ್ಲರಿಗಿಂತ ಮೊದಲೇ ಕೈ ತೊಳೆಯಲು ಎದ್ದ, ಮರಳಿ ಬರಲಿಲ್ಲ.

ತುಪ್ಪ ತರಲು ಅಡುಗೆಮನೆಗೆ ಹೋದ ಸೌಜನ್ಯಾ ಕಿಟಕಿಯಿಂದ ಹೊರಗೆ ನೋಡಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳ ಎಂದು ಇನ್ನೂ ಯಾರೂ ಅಂದಿರಲಿಲ್ಲ. ನೀಲಿ ಹಾಳೆ ಮುದುಡಿ ಬೇಲಿಯ ಬುಡದಲ್ಲಿ ಬಿದ್ದಿತ್ತು. ಹಬ್ಬದ ಹೊಸ ಅಂಗಿಯಲ್ಲೇ ಮಂಡಿಯೂರಿ ಕೂತ ರುದ್ರೇಶ, ಗಡಿಬಿಡಿಯಿಂದ ನಾಲ್ಕನೆಯ ಬುರುಜು ಕಟ್ಟುತ್ತಿದ್ದ.

ಅವಳು ಕಿಟಕಿ ತೆರೆದಳು.

"ಅಲ್ರೀ, ಮುಂಜಾನೆ ಜಾಗಾ ಸಾಲಂಗಿಲ್ಲ ಅಂದಿದ್ರಿ."