ಊಟದ ಕರೆ

ಟಕ್ ಟಕ್ ಸದ್ದು ಕೇಳಿದ್ದೇ ತಡ, ಪಾಟಲಿಪುತ್ರದ ಪೇಟೆಬೀದಿಯ ಜನರೆಲ್ಲ ಗೋಡೆಯ ಕಡೆಗೆ ಸರಿದರು. ಚೀನದೇಶದಿಂದ ಬಂದಿದ್ದ ಭಿಕ್ಷು ಹ್ವೇಮಿನ್ ಮಾತ್ರ ಮುಖ ಅರಳಿಸಿಕೊಂಡು, ಜೋಳಿಗೆಯಿಂದ ಭಿಕ್ಷಾಪಾತ್ರೆ ತೆಗೆಯುತ್ತ, ಸದ್ದು ಬಂದ ಕಡೆಗೇ ನಡೆದ.

"ಭಂತೇ, ಅತ್ತ ಎಲ್ಲಿಗೆ ಹೊರಟ್ರಿ? ನಮ್ಮನೆ ಇತ್ತ ಕಡೆ" ಎಂದ ಜೊತೆಗಿದ್ದ ಧಾನ್ಯದ ವ್ಯಾಪಾರಿ ಬಂಧುಗುಪ್ತ.

"ಊಟಕ್ಕೆ ಕರೀತಿದಾರಲ್ಲ ಸೆಟ್ರೇ. ನಮ್ಮ ವಿಹಾರದಲ್ಲೂ ಹೀಗೇ ಮರ ಬಡಿದು ಕರೀತಾರೆ."

ಬೆಳಗಿನಿಂದ ಬಂಧುಗುಪ್ತ ಊರಿನ ಗುಣಗಾನ ಮಾಡಿದ್ದೇ ಮಾಡಿದ್ದು. ಇಲ್ಲಿ ಇರುವೆಗೂ ನೋವು ಮಾಡುವವರಿಲ್ಲ, ಬಡವರಿಗೆ ಔಷಧಿ ಪುಕ್ಕಟೆ, ಇದು ಬುದ್ಧ ನಡೆದ ನೆಲ. ಭಿಕ್ಷು ತನ್ನ ದೇಶಕ್ಕೆ ಮರಳಿ ಇದನ್ನೆಲ್ಲ ಹೇಳಬೇಕೆಂದು ಅವನ ಆಸೆ. ಹೊತ್ತು ನೆತ್ತಿಗೇರುವ ಮೊದಲು ಭಿಕ್ಷು ಬಂಧುಗುಪ್ತನ ಮನೆಯಲ್ಲಿ ಉಂಡು ಹರಸುವುದನ್ನು ನೋಡಲು ನೆಂಟರಿಷ್ಟರು ಬಂದು ಕೂತಿದ್ದರು.

ಈಗ ಈ ಸದ್ದು ಏನೆಂದು ಹೇಳುವುದು? ಮಸಣ ಕಾಯುವವನು ಪೇಟೆಗೆ ಬಂದರೆ, ಯಾರೂ ತಪ್ಪಿ ತನ್ನನ್ನು ಮುಟ್ಟಿ ಮೈಲಿಗೆಯಾಗದಿರಲೆಂದು ತಾನೇ ಕೋಲು ಬಡಿದುಕೊಂಡು ಬರಬೇಕು. ಅದು ಊರ ಕಟ್ಟಳೆ. ಹುಟ್ಟಿದಾಗಿನಿಂದ ಕೇಳಿದ ಸದ್ದು ಬಂಧುಗುಪ್ತನಿಗೆ ಇವತ್ತು ಮೊದಲ ಸಲ ಕಿವಿಗೆ ಚುಚ್ಚಿತು.

"ಊಟಕ್ಕಲ್ಲ ಭಂತೇ. ಅವರು... ದೊಡ್ಡವರು. ಜನ ದಾರಿ ಬಿಡಲಿ ಅಂತ ಬಡೀತಾರೆ."

ಕೋಲಿನವನಿಗೆ ಅದು ಕೇಳಿಸಿತು. ಅವನು ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಸೆಟ್ಟಿಯ ಮುಖವನ್ನು ಒಮ್ಮೆ ನೋಡಿ ಕಣ್ಣು ಕೆಳಗೆ ಮಾಡಿದ. ಬೈದಿದ್ದರೆ ವಾಸಿಯಿತ್ತು ಅನ್ನಿಸಿತು ಬಂಧುಗುಪ್ತನಿಗೆ.

"ಹಾಗಾದ್ರೆ ಮೊದಲ ತುತ್ತು ಇವರ ಕೈಯಿಂದಲೇ ಆಗಲಿ. ಇವರ ಹೆಸರೇನು?" ಎಂದು ಭಿಕ್ಷು ಪಾತ್ರೆ ಚಾಚಿದ. ಹೆಸರು ಬಂಧುಗುಪ್ತನಿಗೆ ಗೊತ್ತಿರಲಿಲ್ಲ.

"ಹತ್ರ ಬರಬೇಡಿ ಬುದ್ಧೀ. ಒದೆ ಬೀಳೋದು ನಂಗೆ" ಎನ್ನುತ್ತ ಕೋಲಿನವನು ಹಿಂದಕ್ಕೆ ಸರಿದ. ಚಾಚಿದ ಪಾತ್ರೆ ಚಾಚಿದಂತೆಯೇ ಇತ್ತು. ಕೊನೆಗೆ ಅವನು ಸೊಂಟದ ಗಂಟು ಬಿಚ್ಚಿ, ಕೈ ತಾಗದಷ್ಟು ಮೇಲಿನಿಂದ ಒಂದು ಹಿಡಿ ಹುರಿಹಿಟ್ಟು ಸುರಿದ. ಭಿಕ್ಷು ಅಲ್ಲೇ ಕೂತು, ನೀರು ಬೆರೆಸಿ ತಿಂದು, ಬಾಯಿ ತೊಳೆದು ಎದ್ದ.

"ನಡೀರಿ ಸೆಟ್ರೇ, ಇನ್ನು ನಿಮ್ಮನೆಗೆ."

ಭಿಕ್ಷು ಮುಂದೆ ಬಂದ. ಬಂಧುಗುಪ್ತನ ಕಾಲು ತನಗೆ ತಾನೇ ಹಿಂದೆ ಸರಿಯಿತು.

ಹ್ವೇಮಿನ್ ನಿಂತ. ತಮ್ಮಿಬ್ಬರ ನಡುವಿನ ಜಾಗವನ್ನು ನೋಡಿದ, ಗೋಡೆಗೆ ಅಂಟಿದ ಜನರನ್ನು ನೋಡಿದ, ತಲೆ ತಗ್ಗಿಸಿ ನಿಂತ ಕೋಲಿನವನನ್ನು ನೋಡಿದ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಬಂಧುಗುಪ್ತನಿಗೆ. ಒಂದು ಹೆಜ್ಜೆ ಮುಂದಿಟ್ಟರೆ ಸಾಕಿತ್ತು. ಕಾಲು ಏಳಲಿಲ್ಲ.

ಭಿಕ್ಷುವಿನ ದನಿಯಲ್ಲಿ ಕೊಂಕಿರಲಿಲ್ಲ. ಬಂದ ಊರಿನ ಕಟ್ಟಳೆ ಕೇಳಿ ತಿಳಿಯುವವನ ಹಾಗೆ ಕೇಳಿದ:

"ಸೆಟ್ರೇ, ನಿಮ್ಮನೆ ಎಷ್ಟು ದೂರ ಇರುವಾಗಿಂದ ನಾನು ಬಡಿಯೋಕೆ ಶುರು ಮಾಡ್ಬೇಕು?"