ಅನುಪಮಾಳ ಸಹಿ

ಲೋಕೇಶ ಒಪ್ಪಿಗೆ ಪತ್ರವನ್ನು ಎರಡನೇ ಸಲ ಅನುಪಮಾಳ ಮುಂದಕ್ಕೆ ತಳ್ಳಿದ. ಅವಳು ಎರಡನೇ ಸಲವೂ ಅದನ್ನು ಅವನ ಕಡೆಗೇ ತಳ್ಳಿದಳು. ಅಪ್ಪನ ಸಹಿ ಆಗಿತ್ತು. ಅಮ್ಮನ ಸಹಿಯ ಜಾಗ ಖಾಲಿಯಿತ್ತು.

ವಿಷಯ ಇಷ್ಟೇ. ಮಗಳು ಸಿಂಚನಳಿಗೆ ಹದಿನಾಲ್ಕು ವರ್ಷ. ಭಾನುವಾರ ರಾಜ್ಯಮಟ್ಟದ ಟೆನಿಸ್ ಫೈನಲ್. ಬಲಭುಜದಲ್ಲಿ ತಿಂಗಳಿಂದ ನೋವು. ಒಂದು ಇಂಜೆಕ್ಷನ್ ಕೊಡಿಸಿದರೆ ನೋವು ಗೊತ್ತಾಗುವುದಿಲ್ಲ, ಆರಾಮವಾಗಿ ಆಡಬಹುದು ಎಂದು ಕೋಚ್ ಗಲೀನಾ ಹೇಳಿದ್ದಳು. ತಂದೆತಾಯಿ ಇಬ್ಬರ ಸಹಿಯೂ ಬೇಕು ಎಂದಿದ್ದರು ಡಾಕ್ಟರು.

ಗಲೀನಾ ಸಾಮಾನ್ಯಳಲ್ಲ. ರಷ್ಯಾದವಳು, ಹನ್ನೊಂದು ವರ್ಷ ದೇಶದೇಶ ಸುತ್ತಿ ವೃತ್ತಿಪರ ಟೆನಿಸ್ ಆಡಿದವಳು. ಕಳೆದ ವರ್ಷ ಬೆನ್ನುನೋವೆಂದು ಗೋಕುಲಂನ ಲೋಕೇಶನ ಯೋಗಶಾಲೆಗೆ ಬಂದವಳಿಗೆ ಮೈಸೂರು ಹಿಡಿಸಿತು, ಇಲ್ಲೇ ಉಳಿದಳು. ಸಿಂಚನಳ ಆಟ ನೋಡಿ ತಾನಾಗಿಯೇ ಕೋಚಿಂಗ್ ವಹಿಸಿಕೊಂಡಳು. ಅಪ್ಪ ಮಗಳಿಬ್ಬರ ಬಾಯಲ್ಲೂ ಈಗ ಅವಳದೇ ಜಪ.

ಆ ಹೆಸರು ಮನೆಯೊಳಗೆ ಬಂದ ದಿನದಿಂದ ಅನುಪಮಾಳ ನೆಮ್ಮದಿ ಹಾರಿಹೋಗಿತ್ತು. ಟೆನಿಸ್ ಕೋರ್ಟಿನ ಕಡೆ ಅವಳು ಒಂದು ದಿನವೂ ತಲೆ ಹಾಕಲಿಲ್ಲ. ಗಲೀನಾ ಊಟಕ್ಕೆ ಕರೆದರೆ ತಲೆನೋವು, ಫೋನ್ ಮಾಡಿದರೆ ಪೂಜೆ. ರಾಮಕೃಷ್ಣನಗರದ ಆ ಬೀದಿಯ ಹೆಂಗಸರಿಗೆ ಇಷ್ಟು ಸಾಕಾಯಿತು. ಯೋಗ ಕಲಿಯಲು ಬಂದವರ ಕಥೆಗಳು ಎಲ್ಲಿಗೆ ಮುಟ್ಟುತ್ತವೆ ಎಂಬುದು ಅನುಪಮಾಳಿಗೆ ಗೊತ್ತಿಲ್ಲದ್ದೇ ಎಂದು ಮುಸಿಮುಸಿ ನಕ್ಕರು.

ಅತ್ತೆ ಸಿದ್ದಲಿಂಗಮ್ಮ ಮಾತ್ರ ಯಾವಾಗಲೂ ಸೊಸೆಯ ಪರ. ತವರಿನಿಂದ ಒಬ್ಬರೂ ಈ ಹೊಸ್ತಿಲು ದಾಟಿ ಬಂದವರಲ್ಲ. ಆದರೂ ಸ್ನಾನ ಮಾಡಿ ವಿಭೂತಿ ಹಚ್ಚಿಕೊಳ್ಳದೆ ಸೊಸೆ ಒಲೆ ಹಚ್ಚಿದ್ದಿಲ್ಲ. ತನ್ನ ಹೆಣ್ಣುಮಕ್ಕಳಿಗಿಂತ ಚೆನ್ನಾಗಿ ಮನೆಯ ಪದ್ಧತಿ ಕಲಿತವಳು ಎಂದು ಮುದುಕಿಗೆ ಹೆಮ್ಮೆ. ಇವತ್ತು ಮಾತ್ರ ಅವರಿಗೂ ಬೇಸರವಾಗಿತ್ತು.

“ಸಂಜೆ ಆಯಮ್ಮ ಮನೆಗೇ ಬರ್ತಾಳಂತೆ ಕಣಮ್ಮ. ಅವಳ ಜೊತೆ ಮನಸು ಬಿಚ್ಚಿ ಮಾತಾಡಕ್ಕೆ ಈ ಮನೇಲಿ ನೀನಲ್ದೆ ಇನ್ಯಾರವ್ರೆ?”

ಲೋಕೇಶ ದನಿ ತಗ್ಗಿಸಿದ.

“ಭುಜ ನೋವು ಅಂತ ಬಂದೋರ್ನ ನಾನು ನೋಡಿಲ್ವಾ? ಎಲ್ಲಾ ಸರಿಹೋಗುತ್ತೆ ಕಣೇ.”

“ಸರಿಹೋಗ್ದೇ ಇರೋರ್ನೂ ನೋಡಿದೀರಲ್ಲ,” ಎಂದಳು ಅನುಪಮಾ. ಅವನು ಕಣ್ಣು ತಪ್ಪಿಸಿ ಎದ್ದುಹೋದ.

ಮಗಳನ್ನು ನೆಲದ ಮೇಲೆ ಕೂರಿಸಿಕೊಂಡು ಜಡೆ ಹೆಣೆಯತೊಡಗಿದಳು. ನಡುವೆ ಭುಜದ ಹಿಂದೆ ಒಂದು ಕಡೆ ಬೆರಳೂರಿದಳು. ಹುಡುಗಿ ನರಳಿದಳು. ನೋವಿದ್ದದ್ದು ಸರಿಯಾಗಿ ಅಲ್ಲೇ. ಸ್ಕ್ಯಾನ್ ಮಾಡಿದವರಿಗೂ ಅದು ಸಿಕ್ಕಿರಲಿಲ್ಲ.

“ಸಹಿ ಹಾಕ್ಬುಡಮ್ಮ,” ಎಂದಳು ಸಿಂಚನ. “ಗೆದ್ರೆ ಅಕಾಡೆಮಿಗೆ ಸೇರಿಸ್ಕೋತಾರೆ. ನಿಂಗೆ ಟೆನಿಸ್ ಬಗ್ಗೆ ಏನ್ ಗೊತ್ತು?”

ಹೆಣೆಯುತ್ತಿದ್ದ ಕೈ ನಿಂತಿತು. ಆಮೇಲೆ ಅನುಪಮಾ ಜಡೆ ಮುಗಿಸಿದಳು.

ಐದು ಗಂಟೆಗೆ ಗಲೀನಾ ಬಂದಳು. ಅನುಪಮಾ ಅಡುಗೆಮನೆ ಬಿಟ್ಟು ಕದಲಲಿಲ್ಲ. ನಡುಮನೆಯ ಮಾತೆಲ್ಲ ಅಲ್ಲಿಗೆ ಕೇಳುತ್ತಿತ್ತು. ಗಲೀನಾ ಇಂಗ್ಲಿಷಿನಲ್ಲಿ ಲೋಕೇಶನಿಗೆ ಧೈರ್ಯ ಹೇಳುತ್ತಿದ್ದಳು. ತಮ್ಮ ಕಾಲದಲ್ಲಿ ಎಲ್ಲರೂ ಈ ಇಂಜೆಕ್ಷನ್ ತೆಗೆದುಕೊಂಡವರೇ ಅಂತೆ. ತನ್ನ ಡಬಲ್ಸ್ ಜೊತೆಗಾತಿ ಬೇಡವೆಂದು ಅತ್ತರೂ ತಾನೇ ಒತ್ತಾಯ ಮಾಡಿ ಕೊಡಿಸಿದ್ದಳಂತೆ. ಅವಳು ಆಡಿದಳು, ಇಬ್ಬರೂ ಗೆದ್ದರು. ತನಗಿಂತ ಒಂದು ಕೈ ಮೇಲಾದ ಆಟಗಾರ್ತಿ, ಆದರೆ ಅಳ್ಳೆದೆಯವಳು. ಹತ್ತೊಂಬತ್ತನೇ ವಯಸ್ಸಿಗೇ ಹೆದರಿ ಟೆನಿಸ್ ಬಿಟ್ಟು ಓಡಿಹೋದಳು. ಎಷ್ಟು ಹುಡುಕಿದರೂ ಆ ಹೆಸರಿನವಳು ಎಲ್ಲೂ ಸಿಗಲಿಲ್ಲ. ನಿಮ್ಮ ಮಗಳು ಹಾಗಲ್ಲ, ಗಟ್ಟಿಗಿತ್ತಿ ಎಂದು ಗಲೀನಾ ನಕ್ಕಳು.

ಅನುಪಮಾ ಒಲೆ ಆರಿಸಿದಳು. ನಡುಮನೆಗೆ ಬಂದು ಒಪ್ಪಿಗೆ ಪತ್ರವನ್ನು ಎತ್ತಿಕೊಂಡು ನಾಲ್ಕು ತುಂಡು ಮಾಡಿದಳು. ಲೋಕೇಶ ಗಾಬರಿಯಿಂದ ಎದ್ದುನಿಂತ. ಗಲೀನಾ ಅವಳ ಮುಖವನ್ನೇ ನೋಡುತ್ತ ಕುರ್ಚಿಯಿಂದ ಅರ್ಧ ಎದ್ದಳು.

ಅತ್ತೆ ಮಠದಲ್ಲಿ ದೀಕ್ಷೆ ಕೊಡಿಸಿ ಅನುಪಮಾ ಎಂದು ಹೆಸರಿಡುವವರೆಗೆ ತಾನು ಆಡುತ್ತಿದ್ದ ರಷ್ಯನ್ ಭಾಷೆಯಲ್ಲೇ ಅವಳು ಹೇಳಿದಳು: “ಹೆದರಿ ಓಡಿಹೋಗಲಿಲ್ಲ ಗಲೀನಾ, ನೀನು ಕೊಡಿಸಿದ ಆ ಇಂಜೆಕ್ಷನ್ ಆದಮೇಲೆ ನನ್ನ ಬಲಗೈ ಮತ್ತೆ ತಲೆಯ ಮೇಲಕ್ಕೆ ಏಳಲೇ ಇಲ್ಲ.”