ಕೊನೆಯ ಕಛೇರಿಯ ಎಡಗೈ

"ಅಬ್ಬಾ, ಆ ಡ್ರಮ್ಸ್ ಕೇಳ್ರೋ! ಕಡೇವರೆಗೂ ಎರಡು ಕೋಲೂ ಅವಳಿ ಮಕ್ಕಳ ಹಾಗೆ ಓಡ್ತವೆ" ಎಂದು ಗಡ್ಡದ ಅಭಿಮಾನಿ ತೊಡೆ ತಟ್ಟಿದಾಗ, ಮುದುಕರ ಕೈಯಲ್ಲಿದ್ದ ನೀರಿನ ಲೋಟ ತುಟಿಯ ಬಳಿಯೇ ನಿಂತುಬಿಟ್ಟಿತು. ರೆಕಾರ್ಡ್ ಅಂಗಡಿಯಲ್ಲಿ ಕಿಕ್ಕಿರಿದ ಜನರೆಲ್ಲ ಕಣ್ಣು ಮುಚ್ಚಿ ಕೇಳುತ್ತಿದ್ದರು. ಮೂವರ ಜಾಜ್ ತಂಡದ ಕೊನೆಯ ಕಛೇರಿಯ ರೆಕಾರ್ಡ್ ಹಾಕಿದ್ದರು. ಡ್ರಮ್ಸ್ ಬಾರಿಸಿದವನು ಅವರ ಮಗ, ಈಗ ಅವನಿಲ್ಲ.

ಆ ಕಛೇರಿಯ ಸಂಜೆ ಅವರು ಮೊದಲ ಸಾಲಿನಲ್ಲಿ ಕೂತಿದ್ದರು. ಇದೇ ಹಾಡಿನ ನಡುವೆ ಮಗನ ಎಡಗೈ ಕೋಲು ಮುರಿದು ಕೆಳಗೆ ಬಿದ್ದಿತ್ತು. ಅವನು ನಕ್ಕು, ಬರಿ ಅಂಗೈಯಲ್ಲೇ ಬಡಿಯುತ್ತ ಹಾಡು ಮುಗಿಸಿದ್ದ. ಆ ಮೆತ್ತನೆಯ ಏಟನ್ನು ಇನ್ನೊಮ್ಮೆ ಕೇಳಿಸು ದೇವರೇ ಎಂದು ಬೇಡಿಕೊಂಡೇ ಅವರು ಇಲ್ಲಿಗೆ ಬಂದಿದ್ದರು.

ತಂಡದಲ್ಲಿ ಸ್ಯಾಕ್ಸೊಫೋನ್ ನುಡಿಸುವವನು ಪಕ್ಕದಲ್ಲೇ ನಿಂತಿದ್ದ. ಅವರ ಮನೆಯಲ್ಲೇ ಉಂಡು ಬೆಳೆದವನು. "ಇದು ಯಾರ ಕೈಯಪ್ಪಾ?" ಎಂದು ಅವರು ಕೇಳಿದರು.

ಅವನು ಸುತ್ತ ನೋಡಿ ದನಿ ತಗ್ಗಿಸಿದ. "ಮಾವ, ಆ ಜಾಗ ಪೊಳ್ಳುಪೊಳ್ಳಾಗಿ ಕೇಳ್ತಿತ್ತು. ಸ್ಟುಡಿಯೋದಲ್ಲಿ ಬೇರೆಯವರ ಕೈಲಿ ಬಾರಿಸಿ ಸೇರಿಸಿದ್ವಿ. ಹೆಸರು ಅವನದೇ ಹಾಕಿದೀವಲ್ಲ."

"ಅವನು ಬಾರಿಸಿದ್ದು ಎಲ್ಲಿದೆ?"

"ಅದನ್ನ... ಅಳಿಸಿಬಿಟ್ವಿ, ಮಾವ."

ಹಾಡು ಮುಗಿಯಿತು. ಗಡ್ಡದವನು ಓಡಿಬಂದು ಅವರ ಕೈ ಹಿಡಿದುಕೊಂಡ. "ನಿಮ್ಮ ಮಗ ಎಲ್ಲೂ ಹೋಗಿಲ್ಲ ಯಜಮಾನ್ರೇ, ಇದರೊಳಗೇ ಬದುಕಿದಾನೆ!"

ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವನು ಸ್ಯಾಕ್ಸೊಫೋನಿನವನೇ.